ಕಣ್ಣು ಕಾಣದ ಅಳಿಯನ ಜೋಕಿಗೆ ನಗಬಹುದಾ?

ಪ್ರಶ್ನೆ: ನಾವು ರಾಜಾಜಿನಗರದವರು. ನಮ್ಮ ಒಬ್ಬಳೇ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಜೊತೆಗೆ ಕೆಲಸ ಮಾಡುವ ಒಬ್ಬ ಅಧಿಕಾರಿಯನ್ನು ಮದುವೆ ಆಗುತ್ತೇನೆ ಅಂದಿದ್ದಾಳೆ. ಹುಡುಗ ಓದಿದವನು, ಒಳ್ಳೆಯವನು. ಆದರೆ ಎರಡೂ ಕಣ್ಣು ಕಾಣುವುದಿಲ್ಲ. ಮೊದಲ ಸಲ ಮನೆಗೆ ಬಂದಾಗ ಬಾಗಿಲಲ್ಲೇ, "ಹೆಣ್ಣು ನೋಡೋಕೆ ಬಂದಿದ್ದೀನಿ ಅಂಕಲ್, ಆದ್ರೆ ಲೈಟ್ ಹಾಕೋ ಖರ್ಚಿಲ್ಲ" ಅಂದ. ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲೋ ಬೇಡವೋ ತಿಳಿಯದೆ ನಿಂತೆ. ಅವನು ಹೋದ ಮೇಲೆ ನನ್ನ ಹೆಂಡತಿ ಅತ್ತಳು. ಇಂಥ ಮಾತಿಗೆ ನಾವು ನಕ್ಕರೆ ತಪ್ಪಲ್ವಾ? ಇವರಿಬ್ಬರ ಸಂಸಾರ ದಿನದಿನ ಹೇಗೆ ನಡೆಯುತ್ತದೆ? ನಾವು ಹೇಗೆ ನಡೆದುಕೊಳ್ಳಬೇಕು?

ಉತ್ತರ: ನಗಿ ಸಾರ್. ಆ ಜೋಕು ಹೊಡೆದಿದ್ದೇ ನಿಮಗೋಸ್ಕರ.

ನನಗೂ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದವರಿಗೂ ಅವರ ಮನೆಯವರಿಗೂ ಆಪ್ತ ಸಲಹೆ ಕೊಡುವುದು ನನ್ನ ಕೆಲಸ. ನಾವು ಹೊಸ ಮನೆಗೆ ಕಾಲಿಟ್ಟ ತಕ್ಷಣ ಅಲ್ಲಿ ಮಾತು ನಿಲ್ಲುತ್ತದೆ. ಯಾರೋ ಗಡಿಬಿಡಿಯಲ್ಲಿ ಟೀಪಾಯಿ ಪಕ್ಕಕ್ಕೆ ಎಳೆಯುತ್ತಾರೆ. ಯಾರೋ ಕೈ ಹಿಡಿಯಲು ಬಂದು ಅಲ್ಲೇ ನಿಲ್ಲುತ್ತಾರೆ. ಅಡುಗೆಮನೆಯಿಂದ "ಪಾಪ" ಅನ್ನುವ ಪಿಸುಮಾತು ಬರುತ್ತದೆ. ಇದೆಲ್ಲ ನಮಗೆ ಚೆನ್ನಾಗಿ ಕೇಳಿಸುತ್ತದೆ. ಒಂದು ಗಂಟೆ ಎಲ್ಲರೂ ಬಿಗಿಯಾಗಿ ಕೂತು, ಉಪ್ಪಿಟ್ಟು ತಿಂದು, ಏನೂ ಮಾತಾಡದೆ ಎದ್ದು ಹೋಗುವುದು ಯಾರಿಗೆ ಬೇಕು? ಅದಕ್ಕೇ ಹುಡುಗ ಬಾಗಿಲಲ್ಲೇ ಶುರು ಮಾಡಿದ್ದಾರೆ. "ನನ್ನ ಕಣ್ಣಿನ ವಿಷಯ ಗುಟ್ಟೇನಲ್ಲ, ಆರಾಮಾಗಿ ಮಾತಾಡಿ" ಅಂತ ನಿಮಗೆ ಹೇಳಿದ ಹಾಗೆ. ಮಗಳು ನಕ್ಕಿದ್ದು ಅವಳಿಗೆ ಅದು ಮೊದಲೇ ಗೊತ್ತಿದ್ದರಿಂದ.

ನಿಮ್ಮ ಮನೆಯವರು ಅತ್ತಿದ್ದರಲ್ಲೂ ತಪ್ಪಿಲ್ಲ. ಮಗಳ ಮೇಲಿನ ಪ್ರೀತಿ ಅದು. ಆದರೆ ಅವರು ಅತ್ತಿದ್ದು ಮನಸ್ಸಿನಲ್ಲಿ ತಾವೇ ಕಟ್ಟಿಕೊಂಡ ಒಬ್ಬ ಹುಡುಗನಿಗಾಗಿ. ಮನೆಗೆ ಬಂದಿದ್ದ ಹುಡುಗ ನಗಿಸುತ್ತಾ ಇದ್ದರಲ್ಲ. ಅವರನ್ನು ನಾಲ್ಕು ಸಲ ಊಟಕ್ಕೆ ಕರೆಯಿರಿ. ಅಳು ತಾನಾಗಿ ಕಡಿಮೆಯಾಗುತ್ತದೆ.

ಯಾವ ಜೋಕಿಗೆ ನಗಬೇಕು, ಯಾವುದಕ್ಕೆ ಬೇಡ ಅನ್ನುವುದು ಸುಪ್ರೀಂ ಕೋರ್ಟ್‌ವರೆಗೆ ಹೋದ ವಿಷಯ. ಒಂದು ಹಿಂದಿ ಸಿನಿಮಾ ಅಂಗವಿಕಲರನ್ನು ಗೇಲಿ ಮಾಡಿದೆ ಅಂತ ಹಾಕಿದ ಕೇಸಿನಲ್ಲಿ 2024ರ ಜುಲೈನಲ್ಲಿ ತೀರ್ಪು ಬಂತು. ಅಂಗವೈಕಲ್ಯದ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ ಅಂತ ಕೋರ್ಟು ಅದರಲ್ಲಿ ಬಿಡಿಸಿ ಹೇಳಿತು. ಮನೆಮಟ್ಟಿಗೆ ನಾನು ಇದನ್ನು ಇನ್ನೂ ಸುಲಭವಾಗಿ ಹೇಳುತ್ತೇನೆ. ಜೋಕು ಕೇಳಿ ಅವರೂ ನಕ್ಕರಾ? ಅವರು ನಕ್ಕಿದ್ದರೆ ಸರಿ. ಕಪ್ಪು ಕನ್ನಡಕ ಹಾಕಿಕೊಂಡು ಕಂಬಕ್ಕೆ ಗುದ್ದಿಕೊಳ್ಳುವ ಪಾತ್ರ ನೋಡಿ ಥಿಯೇಟರೆಲ್ಲ ನಗುವಾಗ, ನಮ್ಮಂಥವರು ಅಲ್ಲೇ ಒಂದು ಸೀಟಿನಲ್ಲಿ ಸುಮ್ಮನೆ ಕೂತಿರುತ್ತೇವೆ. ಆ ನಗುವಿನಲ್ಲಿ ನಮಗೆ ಪಾಲಿಲ್ಲ.

ನಮ್ಮನಮ್ಮಲ್ಲೇ ನಡೆಯುವ ತಮಾಷೆ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಪೂರ್ತಿ ಕಾಣದವರು ಸ್ವಲ್ಪ ಕಾಣುವವರನ್ನು ಬಿಡುವುದೇ ಇಲ್ಲ. "ನಮಗೆ ಕೋಲಿದೆ, ನಾವು ಬಚಾವ್. ನಿಮಗೆ ಅರ್ಧ ಕಣ್ಣಿದೆ, ಅದನ್ನ ನಂಬಿ ನೀವೇ ಜಾಸ್ತಿ ಡಿಕ್ಕಿ ಹೊಡೆಯೋದು" ಅಂತ ರೇಗಿಸುತ್ತಾರೆ. ಅದರಲ್ಲಿ ನಿಜವೂ ಇದೆ. ಸ್ವಲ್ಪ ದೃಷ್ಟಿ ಇರುವ ಎಷ್ಟೋ ಜನ ಬಿಳಿ ಕೋಲು ಹಿಡಿಯಲು ನಾಚುತ್ತಾರೆ. ಅಂಧರ ಕ್ರಿಕೆಟ್ಟಿನಲ್ಲಂತೂ ಪೂರ್ತಿ ಕಾಣದವರ ಹೆಚ್ಚುಗಾರಿಕೆ ನಿಯಮದಲ್ಲೇ ಇದೆ. ಪೂರ್ತಿ ಕಾಣದ ಆಟಗಾರ ಹೊಡೆದ ರನ್ನು ಎರಡು ಪಟ್ಟು ಲೆಕ್ಕ. ಅದನ್ನು ಹೇಳಿಕೊಂಡು ಜಂಬ ಪಡುವವರು ನನಗೆ ಗೊತ್ತು.

ನಿಮಗೆ ಕ್ರಿಕೆಟ್ ಇಷ್ಟವಿದ್ದರೆ ಹುಡುಗನ ಜೊತೆ ಅದನ್ನೇ ಮಾತಾಡಿ. ಅಂಧರ ಮೊದಲ ಟಿ20 ವಿಶ್ವಕಪ್ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ, 2012ರಲ್ಲಿ. ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಕ್ಯಾಪ್ಟನ್ ನಮ್ಮ ಕರ್ನಾಟಕದ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಚೆಂಡಿನ ಒಳಗೆ ಸಣ್ಣ ಗುಂಡುಗಳು ಇರುತ್ತವೆ, ಉರುಳಿದರೆ ಗಲಗಲ ಅನ್ನುತ್ತದೆ. ಬೌಲರ್ "ರೆಡಿ?" ಅಂತ ಕೇಳಬೇಕು, ಬ್ಯಾಟ್ಸ್‌ಮನ್ "ಎಸ್" ಅನ್ನಬೇಕು, ಬೌಲರ್ "ಪ್ಲೇ" ಅಂದು ಚೆಂಡನ್ನು ನೆಲಕ್ಕೆ ತಾಗಿಸಿ ಬಿಡಬೇಕು.

ಗಂಡ ಹೆಂಡತಿ ನಡುವೆ ಹೇಗಿರುತ್ತದೆ ಅಂತ ಕೇಳಿದ್ದೀರಿ. ಇದರ ಬಗ್ಗೆ ನನಗೆ ಹೇಳಬೇಕಾದ್ದು ಜಾಸ್ತಿ ಇದೆ.

ಕಣ್ಣಿರುವ ಸಂಸಾರದಲ್ಲಿ ಅರ್ಧ ಜಗಳ ಮುಖದಲ್ಲೇ ನಡೆಯುತ್ತದೆ ಅಲ್ವಾ? ಮೂತಿ ಉಬ್ಬಿಸುವುದು, ಕಣ್ಣು ಕೆಕ್ಕರಿಸುವುದು, ಕೇಳಿದರೆ ಮುಖ ತಿರುಗಿಸುವುದು. ಇಬ್ಬರಲ್ಲಿ ಒಬ್ಬರಿಗೆ ಕಾಣದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ನನ್ನ ಹತ್ತಿರ ಬರುವ ಒಂದು ಜೋಡಿ ಇದೆ. ಹೆಂಡತಿಗೆ ಕಾಣುತ್ತದೆ, ಗಂಡನಿಗೆ ಇಲ್ಲ. ಮದುವೆಯಾದ ಹೊಸದರಲ್ಲಿ ಆಕೆ ಒಂದು ಇಡೀ ಸಂಜೆ ಮುಖ ಊದಿಸಿಕೊಂಡು ಕೂತಿದ್ದರಂತೆ. ಗಂಡ ಪಕ್ಕದಲ್ಲೇ ಖುಷಿಯಾಗಿ ಕಾಮೆಂಟರಿ ಕೇಳುತ್ತಿದ್ದರಂತೆ. ಕೊನೆಗೆ ಆಕೆಗೆ ತಡೆಯಲಾಗದೆ, "ರೀ, ನಾನು ಆಗಲಿಂದ ಸಿಟ್ಟಲ್ಲಿದ್ದೀನಿ" ಅಂದರು. "ಅಯ್ಯೋ, ಮೊದಲೇ ಹೇಳೋದಲ್ವಾ, ಯಾವ ಓವರಿಂದ?" ಅಂದರು ಗಂಡ. ಸಿಟ್ಟು ಅಲ್ಲೇ ಮುಗಿಯಿತು. ಈಗ ಅವರ ಮನೆಯಲ್ಲಿ ಸಿಟ್ಟು ಬಂದರೆ ಬಾಯಿಬಿಟ್ಟು ಹೇಳುವುದು ರೂಢಿ. ಇಂಥ ಜೋಡಿಗಳು ಮಾತು ಬಿಟ್ಟು ವಾರಗಟ್ಟಲೆ ಕೂರುವುದನ್ನು ನಾನು ಕಂಡಿದ್ದು ತುಂಬಾ ಕಡಿಮೆ.

ಹೊರಗೆ ಹೋದಾಗ ಜನ ಮಾಡುವ ಎಡವಟ್ಟುಗಳೇ ಇವರಿಬ್ಬರಿಗೂ ನಗುವಿನ ಬಂಡವಾಳ. ಹೋಟೆಲ್ಲಿನಲ್ಲಿ ಮಾಣಿ ಬಂದು ಹೆಂಡತಿಯನ್ನೇ ಕೇಳುತ್ತಾನೆ, "ಸಾರ್‌ಗೆ ಏನು ಬೇಕು ಮೇಡಂ?" ಸಾರ್ ಎದುರಿಗೇ ಕೂತಿರುತ್ತಾರೆ. ನನಗೆ ಗೊತ್ತಿರುವ ಒಬ್ಬ ಹುಡುಗ ಇದಕ್ಕೆ ತಯಾರಾಗಿಯೇ ಇರುತ್ತಾನೆ: "ಸಾರ್‌ಗೆ ಮಸಾಲೆ ದೋಸೆ, ಮೇಡಂಗೆ ಬಿಲ್ಲು." ಇನ್ನೊಬ್ಬರು ಬಸವನಗುಡಿಯಲ್ಲಿ ದೇವಸ್ಥಾನದ ಹೊರಗೆ ಹೆಂಡತಿಯ ಚಪ್ಪಲಿ ಕಾಯುತ್ತಾ ನಿಂತಿದ್ದರು. ಕೈಯಲ್ಲಿ ಬಿಳಿ ಕೋಲು, ಮೈಮೇಲೆ ಇಸ್ತ್ರಿ ಮಾಡಿದ ಶರ್ಟು. ಆದರೂ ಯಾರೋ ಕೈಗೆ ಚಿಲ್ಲರೆ ಹಾಕಿ ಹೋದರು. ಹೆಂಡತಿ ಪೂಜೆ ಮುಗಿಸಿ ಬಂದಾಗ "ನಿನ್ನ ಪೂಜೆಗೆ ದೇವರು ಕೊಡ್ತಾನೋ ಇಲ್ವೋ, ನನಗಂತೂ ಹೊರಗೇ ಸಿಕ್ತು" ಅಂದರಂತೆ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ ಗಾಂಧಿ ಬಜಾರಿನಲ್ಲಿ ಬೈ ಟು ಕಾಫಿ ಕುಡಿದರು. ಆ ಕ್ಷಣಕ್ಕೆ ನೋವು ಆಗೇ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ನೋವನ್ನು ಇಬ್ಬರೂ ಒಂದೇ ಮಾತಿನಲ್ಲಿ ನಗುವಾಗಿ ಮಾಡಿಕೊಂಡರಲ್ಲ, ಅದನ್ನು ನಾನು ದಾಂಪತ್ಯ ಅಂತೀನಿ.

ನಿಮ್ಮ ಮಗಳು ಅವರಿಗೆ ತೋಳು ಕೊಟ್ಟು ನಡೆಯುವುದನ್ನು ಬೀದಿಯವರು ನೋಡಿ ಏನಾದರೂ ಅಂದಾರು. ಅನ್ನಲಿ ಬಿಡಿ. ಕರೆದುಕೊಂಡು ಹೋಗುವ ಸರಿಯಾದ ಕ್ರಮವೇ ಅದು. ನಾವು ನಿಮ್ಮ ಮೊಣಕೈ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತೇವೆ. ನೀವು ಮೆಟ್ಟಿಲು ಹತ್ತಿದರೆ, ತಿರುಗಿದರೆ ನಿಮ್ಮ ತೋಳಿನಲ್ಲೇ ನಮಗೆ ಗೊತ್ತಾಗುತ್ತದೆ. ನೀವು ನಮ್ಮ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ. "ಮದುವೆಗೆ ಮುಂಚೆ ಕೈ ಹಿಡ್ಕೊಂಡು ಓಡಾಡೋಕೆ ಡಾಕ್ಟರ ಚೀಟಿ ಇರೋದು ನಮಗೆ ಮಾತ್ರ" ಅಂತ ನಮ್ಮ ಹುಡುಗರು ತಮಾಷೆ ಮಾಡುತ್ತಾರೆ.

ಅವರು ಒಬ್ಬರೇ ಓಡಾಡುವುದರ ಬಗ್ಗೆ ಭಯ ಬೇಡ. ದಿನಾ ಆಫೀಸಿಗೆ ಹೋಗಿ ಬರುತ್ತಿದ್ದಾರಲ್ಲ. ಮೆಟ್ರೋದಲ್ಲಿ ಹಳದಿ ಉಬ್ಬು ಟೈಲ್ಸ್ ಇದೆ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ಅಂತ ಕನ್ನಡದಲ್ಲಿ ಹೇಳುತ್ತಾರೆ. ಬಸ್ಸಾದರೆ ನಂಬರು ಯಾರನ್ನಾದರೂ ಕೇಳಬೇಕು. ಫುಟ್‌ಪಾತ್ ಮಾತ್ರ ನಮಗೂ ನಿಮಗೂ ಒಂದೇ. ಎದ್ದ ಚಪ್ಪಡಿ, ನಿಲ್ಲಿಸಿದ ಸ್ಕೂಟರು, ಟ್ರಾನ್ಸ್‌ಫಾರ್ಮರ್. ಕೋಲಿನಿಂದ ನಾವು ಕಾಲ ಬಳಿ ಇರುವುದನ್ನು ಹಿಡಿಯುತ್ತೇವೆ. ತಲೆಮಟ್ಟದಲ್ಲಿ ಹೊರಗೆ ತೆರೆದ ಕಿಟಕಿ ಬಾಗಿಲು ಕೋಲಿಗೆ ಸಿಗುವುದಿಲ್ಲ. ನಿಮ್ಮ ಮನೆಯ ಓಣಿಯಲ್ಲಿ ಅಂಥ ಕಿಟಕಿ ಇದ್ದರೆ ಅವರು ಬರುವ ದಿನ ಮುಚ್ಚಿಡಿ.

ಮನೆಯೊಳಗೂ ಅಷ್ಟೇ. ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲಾ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಅಂಚು ನೇರ ಹಣೆಗೆ ಬಡಿಯುತ್ತದೆ. ಕಾಫಿ ಕೊಡುವಾಗ ನಿಮ್ಮ ಮನೆಯವರು ಬಿಸಿ ಲೋಟ ಕೈಗೆ ತುರುಕಬೇಕಾಗಿಲ್ಲ. ದವರವನ್ನು, ಅಂದರೆ ಲೋಟದ ಕೆಳಗಿನ ಬಟ್ಟಲನ್ನು, ಟೀಪಾಯಿ ಮೇಲೆ ಟಕ್ ಅನ್ನುವ ಹಾಗೆ ಇಟ್ಟು "ನಿಮ್ಮ ಬಲಗಡೆ ಇದೆ" ಅಂದರೆ ಸಾಕು. ಆ ಸದ್ದಿನ ಜಾಗಕ್ಕೆ ಕೈ ತಾನಾಗಿ ಹೋಗುತ್ತದೆ, ಮೊದಲು ದವರ ಸಿಗುತ್ತದೆ, ಆಮೇಲೆ ಲೋಟ. ಕುರ್ಚಿ ತೋರಿಸಬೇಕಾದರೆ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ತಾಗಿಸಿ. ಕೂರುವುದು ಅವರಿಗೆ ಬರುತ್ತದೆ. ನೀವು ಎದ್ದು ಒಳಗೆ ಹೋಗುವಾಗ ಒಂದು ಮಾತು ಹೇಳಿ ಹೋಗಿ. ಖಾಲಿ ಸೋಫಾಗೆ ಐದು ನಿಮಿಷ ರಾಜಕೀಯ ವಿವರಿಸಿದ ಅನುಭವ ನಮ್ಮಲ್ಲಿ ಎಷ್ಟೋ ಜನಕ್ಕೆ ಇದೆ. "ನೋಡು", "ನೋಡಿದ್ಯಾ" ಅನ್ನಲು ಹಿಂಜರಿಯಬೇಡಿ. ನಾವೂ "ನಿನ್ನೆ ಮ್ಯಾಚ್ ನೋಡ್ದೆ" ಅಂತಲೇ ಹೇಳೋದು.

ಅಡುಗೆ ಮಾಡುತ್ತಾರಾ ಅಂತ ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. ಕಲಿತಿದ್ದರೆ ಮಾಡುತ್ತಾರೆ. ಸಾಸಿವೆ ಚಟಪಟ ಅಂದಾಗ ಬೇಳೆ ಹಾಕುವುದು, ಬೇಳೆ ಘಮ ಬಂದಾಗ ಕರಿಬೇವು ಹಾಕುವುದು, ಕುಕ್ಕರಿನ ವಿಸಿಲ್ ಎಣಿಸುವುದು. ಒಗ್ಗರಣೆಯಲ್ಲಿ ಕಣ್ಣಿಗಿಂತ ಕಿವಿ ಮೂಗಿಗೇ ಕೆಲಸ ಜಾಸ್ತಿ. ಸಕ್ಕರೆ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡ್, ಉಪ್ಪಿನ ಡಬ್ಬಕ್ಕೆ ಎರಡು. ಇಟ್ಟ ಡಬ್ಬ ಇಟ್ಟಲ್ಲೇ ಇರಬೇಕು ಅನ್ನುವುದೊಂದೇ ಕಟ್ಟುನಿಟ್ಟು. ನೀವು ಮಗಳ ಮನೆಗೆ ಹೋದಾಗ ಪ್ರೀತಿಯಿಂದ ಅಡುಗೆಮನೆ ಜೋಡಿಸಿಟ್ಟು ಬರಬೇಡಿ. ಇಂಥ ಮನೆಗಳಲ್ಲಿ ಅತ್ತೆ ಅಳಿಯನ ಮೊದಲ ಜಗಳ ಆಗೋದು ಡಬ್ಬದ ಮೇಲೇ.

ಜಗಳ ಆದರೂ ಒಳ್ಳೆಯದೇ ಅಂತೀನಿ. ಇದನ್ನು ನಿಮಗೆ ಒತ್ತಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಕಣ್ಣು ಕಾಣದ ಅಳಿಯನಿಗೆ, ಸೊಸೆಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಆದರೆ ಬೈಯುವುದಿಲ್ಲ, ರೇಗಿಸುವುದಿಲ್ಲ, ಕೆಲಸ ಹೇಳುವುದಿಲ್ಲ. ತುಂಬಾ ವರ್ಷ ಆದರೂ ಅವರು ಆ ಮನೆಯಲ್ಲಿ ನೆಂಟರಾಗಿಯೇ ಉಳಿಯುತ್ತಾರೆ. ಅದು ತುಂಬಾ ಒಂಟಿ ಜಾಗ ಸಾರ್. ಸಿಲಿಂಡರ್ ಬದಲಾಯಿಸಲು ಹೇಳಿ. ತೆಂಗಿನಕಾಯಿ ಸುಲಿಯಲು ಕೊಡಿ. ತಡವಾಗಿ ಬಂದರೆ "ಏನಯ್ಯಾ, ಇದೇನಾ ಟೈಮು" ಅಂತ ಕೇಳಿ. ಅವರು ಸಂಬಳ ಹಾಳು ಮಾಡಿಕೊಂಡರೆ ಬುದ್ಧಿ ಹೇಳಿ. ಬೇರೆ ಅಳಿಯನಿಗೆ ಏನೆಲ್ಲ ಮಾಡುತ್ತಿದ್ದಿರೋ ಅದನ್ನೆಲ್ಲ ಇವರಿಗೂ ಮಾಡಿ. ಆಗ ಅವರ ಜೋಕಿಗೆ ನಗು ತಾನಾಗಿ ಬರುತ್ತದೆ. ನೀವೂ ಒಂದು ಜೋಕು ತಿರುಗಿಸಿ ಹೊಡೆಯುತ್ತೀರಿ.

ದುಡ್ಡಿನ ವಿಷಯ. ಹೊಸ ನೋಟುಗಳು ನಮಗೆ ತಲೆನೋವು. 100, 200, 500 ಮೂರರ ಅಗಲವೂ 66 ಮಿಲಿಮೀಟರೇ. ಉದ್ದ 142, 146, 150. ನಡುವೆ ಬರೀ ನಾಲ್ಕು ನಾಲ್ಕು ಮಿಲಿಮೀಟರ್. ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಆದರೆ ಮಾರ್ಕೆಟ್ಟಿನಲ್ಲಿ ನಾಲ್ಕು ಕೈ ಬದಲಾದ ನೋಟಿನಲ್ಲಿ ಅವು ಸವೆದಿರುತ್ತವೆ. ರಿಸರ್ವ್ ಬ್ಯಾಂಕ್ 2020ರಲ್ಲಿ ಮಣಿ ಅನ್ನುವ ಆ್ಯಪ್ ತಂದಿದೆ, ಕ್ಯಾಮೆರಾ ಹಿಡಿದರೆ ನೋಟು ಎಷ್ಟರದ್ದು ಅಂತ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಉಪಕಾರ ಆಗಿದ್ದು ಅಂಗಡಿಯ ಸೌಂಡ್ ಬಾಕ್ಸಿನಿಂದ. ಎಷ್ಟು ದುಡ್ಡು ಹೋಯಿತು ಅಂತ ಅಂಗಡಿಯವರಿಗೂ ನಮಗೂ ಒಟ್ಟಿಗೆ ಕೇಳಿಸುತ್ತದೆ. ಒಬ್ಬರು ಹೆಂಡತಿಗೆ ಗೊತ್ತಾಗದ ಹಾಗೆ ಬೋಂಡ ತಿನ್ನಲು ಹೋಗಿದ್ದರು. ಬೀದಿ ಆಚೆ ತರಕಾರಿ ಆರಿಸುತ್ತಿದ್ದ ಹೆಂಡತಿಗೂ ಆ ಡಬ್ಬ ಕೂಗಿ ಹೇಳಿತು.

ಫೋನು ಅವರಿಗೆ ಎಲ್ಲವನ್ನೂ ಓದಿ ಹೇಳುತ್ತದೆ. ಅದು ಎಷ್ಟು ವೇಗವಾಗಿ ಓದುತ್ತದೆ ಅಂದರೆ ನಿಮಗೆ ಒಂದಕ್ಷರವೂ ತಿಳಿಯುವುದಿಲ್ಲ. ಪರದೆ ಕಪ್ಪಗೆ ಇರಬಹುದು. ಆಫ್ ಆಗಿದೆ ಅಂತ ಹೇಳಲು ಹೋಗಬೇಡಿ, ಬ್ಯಾಟರಿ ಉಳಿಯಲಿ, ಪಕ್ಕದವರು ಇಣುಕದಿರಲಿ ಅಂತ ಹಾಗೆ ಇಟ್ಟುಕೊಂಡಿರುತ್ತಾರೆ. ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಅವರನ್ನು ಸೇರಿಸುವ ಮುಂಚೆ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಒಂದು ಮಾತು ಹೇಳಿ. ಗುಲಾಬಿ, ಕೇಕು, ಬಲೂನು, ಮುಗಿದ ಕೈ ಅಂತ ಸಾಲಾಗಿ ಕಳಿಸಿದರೆ ಫೋನು ಒಂದೊಂದರ ಹೆಸರನ್ನೂ ಕೂಗುತ್ತದೆ. ಬರೀ ಚಿತ್ರ ಹಾಕಿದರೆ "ಫೋಟೋ" ಅಂತಷ್ಟೇ ಹೇಳಿ ಸುಮ್ಮನಾಗುತ್ತದೆ. ಚಿತ್ರದ ಜೊತೆ ಒಂದು ಸಾಲು ಬರೆಯಿರಿ.

ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ದೃಷ್ಟಿ ಹೋಗಲು ಕಾರಣ ಏನು ಅನ್ನುವುದರ ಮೇಲೆ ಅದು ನಿಂತಿದೆ. ಅಪಘಾತ, ಸೋಂಕು, ತಿಂಗಳು ತುಂಬದೆ ಹುಟ್ಟಿದ್ದು, ಇಂಥ ಕಾರಣ ಇದ್ದರೆ ಮಕ್ಕಳಿಗೆ ಬರುವುದಿಲ್ಲ. ವಂಶದಲ್ಲಿ ಬರುವ ಕೆಲವು ರೆಟಿನಾ ಕಾಯಿಲೆಗಳಿವೆ. ಅದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರನ್ನು ಅವರಿಬ್ಬರೇ ಹೋಗಿ ಕೇಳಲಿ. ನೀವು ಮುಂದೆ ನಿಂತು ವಿಚಾರಿಸಬೇಡಿ.

ಇನ್ನು ಮದುವೆ. ನೆಂಟರಿಗೆ ಒಂದೇ ಒಂದು ಎಚ್ಚರಿಕೆ ಕೊಡಿ. "ನಾನ್ಯಾರು ಹೇಳು ನೋಡೋಣ" ಅಂತ ಕೈ ಹಿಡಿದು ಪರೀಕ್ಷೆ ಮಾಡಬಾರದು. ಇದು ನಮಗೆ ಎಲ್ಲಕ್ಕಿಂತ ಬೇಸರದ ವಿಷಯ. ಆರತಕ್ಷತೆಯ ಸಾಲಿನಲ್ಲಿ ನೂರು ಜನ ಕೇಳಿದರೆ ಯಾರು ತಾನೇ ಹೇಳುತ್ತಾರೆ? ಹೆಸರು ಹೇಳಿ ಕೈ ಕುಲುಕಲಿ. ನನ್ನ ಪರಿಚಯದ ಒಬ್ಬ ಮದುಮಗ ಮೂರನೆಯವರು ಕೇಳಿದಾಗ, "ನಿಮಗೇ ಗೊತ್ತಿಲ್ವಾ? ಮನೆಯವರನ್ನ ಕೇಳಿ, ಹೇಳ್ತಾರೆ" ಅಂದುಬಿಟ್ಟ.

ಶಾಸ್ತ್ರಗಳ ಚಿಂತೆ ಬೇಡ. ಅಂತರಪಟ ಸರಿಸಿದ್ದು ಹುಡುಗನಿಗೆ ಹೇಗೆ ಗೊತ್ತಾಗಬೇಕು ಅಂತ ಪುರೋಹಿತರು ಕೇಳಬಹುದು. ಜೀರಿಗೆ ಬೆಲ್ಲ ತಲೆ ಮೇಲೆ ಬಿದ್ದಾಗ ಗೊತ್ತಾಗುತ್ತದೆ! ನಿಮ್ಮ ಮಗಳು ಮೊದಲು ಹಾಕಲು ಕಾಯುತ್ತಿರುತ್ತಾಳೆ. ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರದಲ್ಲಿ ಮಾತ್ರ ಸಂಬಂಧಿಕರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದಕ್ಕೇನೂ ಅರ್ಥವಿಲ್ಲ. ನಮ್ಮ ಬೆಂಗಳೂರಿನ ಛತ್ರದಲ್ಲಿ ಮಟಮಟ ಮಧ್ಯಾಹ್ನ, ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಕಡೆ ಬೆರಳು ತೋರಿಸಿ "ಕಾಣಿಸ್ತಾ?" ಅಂತ ಕೇಳಿದರೆ ಎಲ್ಲ ಮದುಮಕ್ಕಳೂ "ಕಾಣಿಸ್ತು" ಅಂತಲೇ ಹೇಳೋದು. ಇವರೂ ಹೇಳುತ್ತಾರೆ. ಆಗ ಮೊದಲು ನಗುವವರು ನೀವೇ ಆಗಿ. ಉಳಿದವರಿಗೂ ಧೈರ್ಯ ಬರುತ್ತದೆ.

ಊಟಕ್ಕೆ ಬಾಳೆ ಎಲೆ ಹಾಕಿಸಿ, ಬಫೆ ಬೇಡ. ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲಕ್ಕೂ ಅದರದೇ ಜಾಗ ಇದೆ, ಬಡಿಸುವವರು "ಸಾರು, ಸಾರು" ಅಂತ ಕೂಗಿಕೊಂಡೇ ಬರುತ್ತಾರೆ. ಬಫೆಯಲ್ಲಿ ತಟ್ಟೆ ಹಿಡಿದು ಜನರ ಮಧ್ಯೆ ನಿಲ್ಲುವುದು ಕಣ್ಣಿದ್ದವರಿಗೇ ಕಷ್ಟ. ಅವರ ಗೆಳೆಯರಲ್ಲೂ ಕೆಲವರಿಗೆ ಕಣ್ಣು ಕಾಣದೆ ಇರಬಹುದು. ಅವರನ್ನೆಲ್ಲ ಒಂದೇ ಮೂಲೆಗೆ ಕೂರಿಸಬೇಡಿ.

ಫೋಟೋದವರಿಗೆ ಮೊದಲೇ ಹೇಳಿಡಿ. "ಸಾರ್, ಇಲ್ಲಿ ನೋಡಿ" ಅಂತ ಕೈ ಬೀಸಿದರೆ ಆಗುವುದಿಲ್ಲ. ಕ್ಯಾಮೆರಾ ಹಿಂದಿನಿಂದಲೇ ಮಾತಾಡುತ್ತಾ ಇರಲಿ, ಮುಖ ಆ ಕಡೆಗೇ ತಿರುಗುತ್ತದೆ. ಕಪ್ಪು ಕನ್ನಡಕ ಹಾಕಿಕೊಳ್ಳಬೇಕಾ ಬೇಡವಾ ಅಂತ ನೀವು ತೀರ್ಮಾನ ಮಾಡಬೇಡಿ. ಅವರನ್ನೇ ಕೇಳಿ, ಇಲ್ಲಾ ಮಗಳನ್ನು ಕೇಳಿ. ಅವಳಿಗೆ ಯಾವುದು ಚೆನ್ನಾಗಿ ಕಾಣುತ್ತೋ ಅದೇ ಆಗಲಿ.